ಲಾಕ್‌ಡೌನ್ ಹಿತ್ತಲು: ನಿಮ್ಮ ಕಾಂಪೌಂಡಿಗೆ ಯಾರ್ಯಾರು ಬರುತ್ತಿದ್ದಾರೆ? (ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯವರು ಬರೆಯಿರಿ)

ಲಾರಿಲೆಕ್ಕ (ಬಳ್ಳಾರಿ), 8 ಏಪ್ರಿಲ್ 2020

ಎಲ್ಲರಿಗೂ ನಮಸ್ಕಾರ. ನಾನು ಟ್ರಾನ್ಸ್‌ಪೋರ್ಟ್ ಆಫೀಸೊಂದರಲ್ಲಿ ಲೆಕ್ಕ ಬರೆಯುವವನು. ಮಾರ್ಚ್ 25ರಿಂದ ಆಫೀಸಿಗೆ ಬೀಗ. ಮನೆ ಊರಾಚೆ ಹೊಸ ಲೇಔಟ್‌ನಲ್ಲಿದೆ. ಮುಂದೆ ರಸ್ತೆ, ಹಿಂದೆ ಖಾಲಿ ಸೈಟು, ಸೈಟಿನ ತುಂಬಾ ಬಳ್ಳಾರಿ ಜಾಲಿ. ಕಾಂಪೌಂಡಿನ ಒಳಗೆ ಒಂದು ಬೇವು, ಒಂದು ನುಗ್ಗೆ, ಕರಿಬೇವು, ಎರಡು ದಾಸವಾಳ. ಇಷ್ಟಕ್ಕೇ ನಮ್ಮ ಮನೆಯವರು ಗಾರ್ಡನ್ ಅನ್ನುತ್ತಾರೆ.

ಬೆಳಿಗ್ಗೆ ಚಹಾ ಹಿಡಿದುಕೊಂಡು ಹಿತ್ತಲಿಗೆ ಹೋದರೆ ಬಿಸಿಲು ಚುರುಗುಟ್ಟುವವರೆಗೆ ಒಳಗೆ ಬರಲು ಮನಸ್ಸಾಗುವುದಿಲ್ಲ. ಪಿಕಳಾರ, ಗೊರವಂಕ, ಕಾಜಾಣ, ಗುಂಪು ಕಟ್ಟಿಕೊಂಡು ಜಗಳ ಆಡುವ ಹರಟೆಮಲ್ಲ. ಬೇವಿನ ತುದಿಯಲ್ಲಿ ಕಂಚುಗಾರ ಹಕ್ಕಿ ಕೂತು ಒಂದೇ ಸಮ ಟುಕ್ ಟುಕ್ ಅನ್ನುತ್ತಿರುತ್ತದೆ. ಇಷ್ಟು ವರ್ಷ ಯಾರೋ ಪೈಪ್ ಬಡಿಯುತ್ತಿದ್ದಾರೆ ಅಂದುಕೊಂಡು ಸುಮ್ನೆ ಇದ್ದೆವು.

ನನಗನಿಸುವುದು ಇಷ್ಟೇ. ಲಾರಿ ನಿಂತವು, ಧೂಳು ಇಳಿಯಿತು, ಹಕ್ಕಿಗಳು ವಾಪಸ್ ಬಂದವು. ನಿಮ್ಮ ಕಡೆ ಹೇಗಿದೆ? ಫೋಟೋ ಇರಲೇಬೇಕು ಅಂತೇನಿಲ್ಲ. ಕಂಡದ್ದು ಬರೆಯಿರಿ.

ಜೊತೆಗೆ ಒಂದು ಪ್ರಶ್ನೆ. ಬಟ್ಟೆ ಒಣಹಾಕುವ ತಂತಿಯ ತುದಿಗೆ ಕಸದ ಗಂಟಿನಂಥದ್ದೊಂದು ನೇತಾಡುತ್ತಿದೆ. ಸಣ್ಣ ಹಕ್ಕಿಯೊಂದು ಹೋಗಿ ಬಂದು ಮಾಡುತ್ತಿದೆ, ಹೊಟ್ಟೆ ಹಳದಿ. ಇದು ಯಾವುದು?


ಅರಳೆಗಿರಣಿ (ರಾಯಚೂರು), 8 ಏಪ್ರಿಲ್ 2020

ಅದು ಸೂರಕ್ಕಿ ಗೂಡು ಸರ್. ಇನ್ನು ಸ್ವಲ್ಪ ದಿನ ಆ ತಂತಿಗೆ ಬಟ್ಟೆ ಹಾಕಬೇಡಿ ಅಂತ ಮನೆಯಲ್ಲಿ ಹೇಳಿಬಿಡಿ. ಕಟ್ಟುವವಳು ಹೆಣ್ಣು. ಜೇಡರ ಬಲೆಯ ನೂಲೇ ಅದರ ಹಗ್ಗ. ಒಣ ಎಲೆ ಚೂರು, ತೊಗಟೆ, ಹುಳುವಿನ ಹಿಕ್ಕೆ, ಸಿಕ್ಕಿದ್ದನ್ನೆಲ್ಲ ಅದಕ್ಕೆ ಅಂಟಿಸುತ್ತದೆ. ಕಸದ ಗಂಟಿನ ಹಾಗೆ ಕಾಣಲಿ ಅಂತಲೇ ಹಾಗೆ ಕಟ್ಟುವುದು. ಹತ್ತಿರದಿಂದ ನೋಡಿದರೆ ಪಕ್ಕದಲ್ಲೊಂದು ಬಾಗಿಲು, ಬಾಗಿಲಿನ ಮೇಲೆ ಮಳೆ ಬೀಳದಂತೆ ಸಣ್ಣದೊಂದು ಸಜ್ಜಾ ಕಾಣುತ್ತದೆ. ಮೊಟ್ಟೆ ಇಟ್ಟರೆ ಮರಿ ಆಗಲು ಎರಡು ವಾರ.

ನಮ್ಮ ಮನೆ ಜಿನ್ನಿಂಗ್ ಮಿಲ್‌ಗಳ ಹತ್ತಿರ. ಸೀಸನ್‌ನಲ್ಲಿ ಹತ್ತಿ ಗಾಡಿ ಹೋದ ಮೇಲೆ ಅರಳೆ ಚೂರು ಬೇಲಿಗೆಲ್ಲ ಸಿಕ್ಕಿಕೊಂಡು ಉಳಿಯುತ್ತದೆ. ಸಿಂಪಿಗ ಹಕ್ಕಿಗೆ ಅದೇ ಹಬ್ಬ. ಕುಂಡದಲ್ಲಿ ಬದನೆ ಹಾಕಿದ್ದೇನೆ. ಅದರ ದೊಡ್ಡ ಎಲೆಯೊಂದನ್ನು ಮಡಚಿ ಹೊಲಿದುಬಿಟ್ಟಿದೆ! ಎಲೆಯ ಅಂಚಿಗೆ ಕೊಕ್ಕಿನಿಂದ ತೂತು ಮಾಡಿ, ಅರಳೆ ಎಳೆ ತೂರಿಸಿ ಎಳೆಯುತ್ತದೆ. ಗಂಟು ಹಾಕುವುದಿಲ್ಲ. ಎಳೆಯ ತುದಿ ಹೊರಗಡೆ ಬುಸುಬುಸು ಬಿಚ್ಚಿಕೊಂಡು ತೂತಿಗೆ ಗೂಟ ಬಡಿದ ಹಾಗೆ ನಿಲ್ಲುತ್ತದೆ. ಒಂದೊಂದು ಹೊಲಿಗೆಯೂ ಬೇರೆ ಬೇರೆ. ಎಲೆ ಇನ್ನೂ ಹಸಿರಾಗಿಯೇ ಇದೆ, ಗಿಡದಿಂದ ಕಿತ್ತಿಲ್ಲ ನೋಡಿ. ಒಳಗೆ ಅರಳೆಯ ಮೆತ್ತೆ.

ಬದನೆಕಾಯಿ ಆಸೆ ಬಿಟ್ಟಿದ್ದೇನೆ.


ಎರೆಹೊಲ (ಸಿರುಗುಪ್ಪ ಕಡೆ), 9 ಏಪ್ರಿಲ್ 2020

ಲಾರಿಲೆಕ್ಕದವರೇ, ಹಕ್ಕಿ ಎಲ್ಲೂ ಹೋಗಿರಲಿಲ್ಲ ರೀ. ವಾಪಸ್ ಬರೋದೆಲ್ಲಿಂದ? ಏಪ್ರಿಲ್ ಅಂದರೆ ಹಕ್ಕಿಗಳ ಮದುವೆ ಸೀಸನ್. ಗಂಡು ಕೂಗುತ್ತದೆ, ಹೆಣ್ಣು ಗೂಡು ಕಟ್ಟುತ್ತದೆ, ಎರಡೂ ಕಣ್ಣಿಗೆ ಬೀಳುತ್ತವೆ. ಹೋದ ವರ್ಷವೂ ಇದೇ ಕೋಗಿಲೆ ಇದೇ ಬೇವಿನಲ್ಲಿ ಕೂಗಿತ್ತು. ಆಗ ನೀವು ಆಫೀಸಿಗೆ ಹೊರಟಿದ್ದಿರಿ.

ಕಡಿಮೆ ಆದದ್ದೂ ಇದೆ, ಅದನ್ನು ಯಾರೂ ಬರೆಯುವುದಿಲ್ಲ. ಚಳಿಗಾಲದಲ್ಲಿ ನಮ್ಮ ಜೋಳಕ್ಕೆ ಗುಲಾಬಿ ಕಬ್ಬಕ್ಕಿ ದಂಡು ಬೀಳುತ್ತದೆ. ಅಟ್ಟದ ಮೇಲೆ ನಿಂತು ಕವಣೆ ಬೀಸಿ ಬೀಸಿ ತೋಳು ಬಿದ್ದುಹೋಗುತ್ತದೆ. ಈಗ ಅವು ಒಂದೂ ಇಲ್ಲ. ಲಾಕ್‌ಡೌನ್‌ಗೆ ಹೆದರಿ ಹೋದವಾ? ಇಲ್ಲ. ಬೇಸಿಗೆ ಬಂತು, ಮಧ್ಯ ಏಷ್ಯಾ ಕಡೆ ಮರಿ ಮಾಡಲು ಹೋದವು. ಪ್ರತಿ ವರ್ಷ ಹೋಗುತ್ತವೆ.

ಹಕ್ಕಿ ನೋಡಿ ಖುಷಿ ಪಡಿ, ಬೇಡ ಅನ್ನುವುದಿಲ್ಲ. ನಮ್ಮ ಕಡೆ ಟೊಮೆಟೊ ಕೊಳ್ಳುವವರಿಲ್ಲದೆ ಹೊಲದಲ್ಲೇ ಕೊಳೆಯುತ್ತಿದೆ. ಅದರ ಮೇಲೆ ಪಿಕಳಾರ ಕೂತು ತಿನ್ನುತ್ತಿದೆ. ಅದನ್ನೂ ನಿಮ್ಮ ಪಟ್ಟಿಗೆ ಸೇರಿಸಿಕೊಳ್ಳಿ.


ಲಾರಿಲೆಕ್ಕ, 9 ಏಪ್ರಿಲ್ 2020

ಅಣ್ಣಾ, ಟೊಮೆಟೊ ವಿಷಯ ಓದಿ ಬೇಜಾರಾಯಿತು. ಆದರೆ ಒಂದು ಮಾತು. ಮೊದಲು ಬೆಳಗಿನ ಜಾವದಿಂದಲೇ ನಮ್ಮ ರಸ್ತೆಯಲ್ಲಿ ಲಾರಿ ಸಾಲು ಇರುತ್ತಿತ್ತು. ಎದುರು ಮನೆಯವರ ಮಾತೇ ಕೇಳಿಸುತ್ತಿರಲಿಲ್ಲ. ಅಂಥ ಜಾಗಕ್ಕೆ ಹಕ್ಕಿ ಬರಲು ಹೆದರುವುದಿಲ್ಲವಾ? ಸಂಜೆ ಗೌಜಲು ಹಕ್ಕಿ ಜೋಡಿ ರಸ್ತೆ ಮಧ್ಯೆಯೇ ನಡೆದು ಹೋಗುತ್ತಿದೆ. ಹೋದ ವರ್ಷ ಹಾಗೆ ನಡೆದಿದ್ದರೆ ಟೈರಿನ ಕೆಳಗೆ ಹೋಗಿರುತ್ತಿತ್ತು. ಇದು ಮದುವೆ ಸೀಸನ್ ಲೆಕ್ಕಕ್ಕೆ ಬರುವುದಿಲ್ಲ.


ಭಾಗ್ಯನಗರ ಟೀಚರ್ (ಕೊಪ್ಪಳ), 10 ಏಪ್ರಿಲ್ 2020

ಇಬ್ಬರೂ ಹೇಳುವುದರಲ್ಲಿ ಹುರುಳಿದೆ. ಆದರೆ ಮಾತಿನಲ್ಲೇ ಇದು ಬಗೆಹರಿಯುವುದಿಲ್ಲ, ಬರೆದಿಡಬೇಕು. ನಾನು ಶಾಲೆಯ ಮಕ್ಕಳಿಗೆ ಇದನ್ನೇ ಹೇಳಿದ್ದೇನೆ. ಎಲ್ಲರ ಮನೆಯಲ್ಲೂ ಸ್ಮಾರ್ಟ್‌ಫೋನ್ ಇಲ್ಲ, ಆನ್‌ಲೈನ್ ಪಾಠ ಅಷ್ಟಕ್ಕಷ್ಟೇ. ಹಳೇ ನೋಟ್‌ಬುಕ್ ಸಾಕು. ದಿನವೂ ಒಂದೇ ಜಾಗ, ಒಂದೇ ಹೊತ್ತು, ಹದಿನೈದು ನಿಮಿಷ. ಕಣ್ಣಿಗೆ ಕಂಡದ್ದು ಒಂದು ಕಾಲಂ, ಬರೀ ಧ್ವನಿ ಕೇಳಿದ್ದು ಇನ್ನೊಂದು ಕಾಲಂ. ಹೆಸರು ಗೊತ್ತಿಲ್ಲದಿದ್ದರೆ ಬಣ್ಣ, ಬಾಲ, ಏನು ತಿನ್ನುತ್ತಿತ್ತು, ಅಷ್ಟು ಬರೆದರೆ ಸಾಕು. ಒಬ್ಬ ಹುಡುಗ ‘ನಮ್ಮಪ್ಪನ ಹಾಗೆ ತಲೆಗೂದಲು ಎದ್ದು ನಿಂತ ಹಕ್ಕಿ’ ಅಂತ ಬರೆದಿದ್ದಾನೆ. ಪಿಕಳಾರ ಅಂತ ತಕ್ಷಣ ತಿಳಿಯಿತು.

ಫೋನ್ ಇದ್ದವರು ಹಕ್ಕಿ ಪಟ್ಟಿಗಳನ್ನು ಸೇರಿಸುವ ಇ-ಬರ್ಡ್ ಜಾಲತಾಣಕ್ಕೂ ಹಾಕಿ. ನಮ್ಮ ಮೂರು ಜಿಲ್ಲೆಗಳಿಂದ ಅಲ್ಲಿಗೆ ಹೋಗುವ ಪಟ್ಟಿ ಕಡಿಮೆ. ಹೋಗುವುದೂ ಹಂಪಿ, ದರೋಜಿ ಕರಡಿಧಾಮದ್ದೇ ಜಾಸ್ತಿ. ಮನೆ ಹಿತ್ತಲಿನದು ಯಾರೂ ಹಾಕುವುದಿಲ್ಲ.

ಗುಬ್ಬಚ್ಚಿ ವಿಷಯ ಯಾರಾದರೂ ಎತ್ತುತ್ತೀರಿ ಅಂತ ಗೊತ್ತು, ಅದಕ್ಕೇ ಮೊದಲೇ ಹೇಳುತ್ತೇನೆ. ಇದೇ ಫೆಬ್ರುವರಿಯಲ್ಲಿ ದೇಶದ ಹಕ್ಕಿಗಳ ಸ್ಥಿತಿಗತಿ ವರದಿ ಬಂದಿದೆ. ಸಾವಿರಾರು ಜನ ಹವ್ಯಾಸಿಗಳು ಕೊಟ್ಟ ಪಟ್ಟಿಗಳಿಂದ ಮಾಡಿದ್ದು, 867 ಜಾತಿಗಳನ್ನು ನೋಡಿದ್ದಾರೆ. ಅದರ ಪ್ರಕಾರ ದೊಡ್ಡ ಮಹಾನಗರಗಳಲ್ಲಿ ಗುಬ್ಬಿ ಇಳಿದಿದೆ, ಆದರೆ ಇಡೀ ದೇಶದ ಲೆಕ್ಕದಲ್ಲಿ 25 ವರ್ಷಗಳಿಂದ ಹೆಚ್ಚು ಕಡಿಮೆ ಹಾಗೇ ಇದೆ. ಮೊಬೈಲ್ ಟವರ್‌ನಿಂದ ಸತ್ತವು ಅನ್ನಲು ಗಟ್ಟಿ ಪುರಾವೆ ಇಲ್ಲ. ಭಾಗ್ಯನಗರದ ಹಳೇ ಮನೆಗಳ ತೊಲೆ ಸಂದಿಯಲ್ಲಿ ಗುಬ್ಬಿ ಇನ್ನೂ ಸಂಸಾರ ಮಾಡಿಕೊಂಡಿದೆ. ಹೊಸ ಆರ್‌ಸಿಸಿ ಮನೆಗಳಲ್ಲಿ ಸಂದಿಯೇ ಇಲ್ಲ, ಎಲ್ಲಿ ಕಟ್ಟಬೇಕು ಅದು?


ಬಂಡೆಗುಡ್ಡ (ಕಮಲಾಪುರ), 12 ಏಪ್ರಿಲ್ 2020

ನಾನು ಪ್ರವಾಸಿಗರಿಗೆ ಹಕ್ಕಿ ತೋರಿಸಿ ಹೊಟ್ಟೆ ಹೊರೆಯುವವನು. ಮಾರ್ಚ್ 17ಕ್ಕೆ ಹಂಪಿಯ ಸ್ಮಾರಕಗಳಿಗೆ ಬೀಗ ಬಿತ್ತು, ಅವತ್ತಿನಿಂದ ನನಗೂ ರಜೆ. ಎಲ್ಲ ಬದಲಾಗಿದೆ ಅನ್ನುವುದೂ ಸುಳ್ಳು, ಏನೂ ಬದಲಾಗಿಲ್ಲ ಅನ್ನುವುದೂ ಸುಳ್ಳು. ಯಾವ ಪ್ರಾಣಿ ನಮ್ಮನ್ನು ನೆಚ್ಚಿಕೊಂಡಿತ್ತು, ಯಾವುದು ನಮ್ಮಿಂದ ದೂರ ಇರುತ್ತಿತ್ತು, ಅದರ ಮೇಲೆ ಹೋಗುತ್ತದೆ.

ಹಂಪಿಯ ಕೋತಿಗಳನ್ನು ನೋಡಿ. ಅವು ಪ್ರವಾಸಿಗರ ಬಾಳೆಹಣ್ಣು, ತೆಂಗಿನಕಾಯಿ, ಚಿಪ್ಸ್ ಮೇಲೆಯೇ ಬದುಕಿದ್ದವು. ಆನೆಗೊಂದಿ ಕಡೆ ಅಂಜನಾದ್ರಿಯವೂ ಹಾಗೇ. ಭಕ್ತರು ನಿಂತರು, ಅವುಗಳ ಊಟವೂ ನಿಂತಿತು. ಈಗ ಊರೊಳಗೆ ಬಂದು ಹಂಚು ಕೀಳುತ್ತಿವೆ, ಟ್ಯಾಂಕಿನ ಮುಚ್ಚಳ ತೆಗೆಯುತ್ತಿವೆ. ಯಾರೋ ಪುಣ್ಯಾತ್ಮರು ಹಣ್ಣು ತಂದು ಹಾಕುತ್ತಿದ್ದಾರೆ. ‘ಪ್ರಾಣಿಗಳು ಸ್ವತಂತ್ರವಾದವು’ ಅಂತ ಇದನ್ನೇ ವಿಡಿಯೋ ಮಾಡಿ ಹಾಕುತ್ತಾರೆ. ಅದು ಸ್ವಾತಂತ್ರ್ಯ ಅಲ್ಲ ಸ್ವಾಮಿ, ಹಸಿವು. ಬಸ್‌ಸ್ಟ್ಯಾಂಡ್, ಖಾನಾವಳಿ, ಮಾರ್ಕೆಟ್ ನಂಬಿಕೊಂಡಿದ್ದ ಕಾಗೆ, ಹದ್ದುಗಳದ್ದೂ ಅದೇ ಕಥೆ. ಅಲ್ಲಿ ಕಡಿಮೆಯಾಗಿವೆ, ಮನೆಗಳ ಕಡೆ ಜಾಸ್ತಿಯಾಗಿವೆ. ಒಟ್ಟು ಸಂಖ್ಯೆ ಅದೇ ಇರಬಹುದು, ವಿಳಾಸ ಬದಲಾಗಿದೆ.

ನಮ್ಮ ಗದ್ದಲ ಇಲ್ಲ ಅಂತ ಹೊರಗೆ ಬಂದವು ಬೇರೆ. ಕಲ್ಲುಬಂಡೆ ಗುಡ್ಡದಲ್ಲಿ ಕೊಂಬಿನ ಗೂಬೆ ಇರುತ್ತದೆ. ಸಂಜೆ ಜನ ಇರುವ ಕಡೆ ಮುಖ ತೋರಿಸದು. ಈಗ ಹೊತ್ತು ಮುಳುಗುವ ಮೊದಲೇ ಬಂಡೆಯ ತುದಿಗೆ ಬಂದು ಕೂರುತ್ತಿದೆ. ನಮ್ಮ ಮಾಳಿಗೆಯಿಂದಲೇ ಕಾಣುತ್ತದೆ. ಹೊಳೆಯಲ್ಲಿ ನೀರುನಾಯಿಗಳೂ ಅಷ್ಟೇ. ತುಂಗಭದ್ರೆಯ 34 ಕಿಲೋಮೀಟರ್ ಪಾತ್ರವನ್ನು 2015ರಲ್ಲಿ ನೀರುನಾಯಿ ಮೀಸಲು ಪ್ರದೇಶ ಮಾಡಿದ್ದಾರೆ. ಬಟ್ಟೆ ಒಗೆಯುವ ಗದ್ದಲ, ತೆಪ್ಪದ ಓಡಾಟ ಇದ್ದಾಗ ಅವು ಬೆಳಗಿನ ಜಾವ ಮಾತ್ರ ಕಾಣುತ್ತಿದ್ದವು. ಈಗ ನಡುಹೊತ್ತಿನಲ್ಲೂ ಬಂಡೆ ಮೇಲೆ ಮೈ ಒಣಗಿಸಿಕೊಳ್ಳುತ್ತಿವೆ ಅಂತ ಹೊಳೆ ದಂಡೆಯ ಮನೆಯವರು ಹೇಳುತ್ತಾರೆ.

ದಯವಿಟ್ಟು ಇದನ್ನೆಲ್ಲ ನೋಡಲು ಗಾಡಿ ತೆಗೆದುಕೊಂಡು ಹೊರಡಬೇಡಿ. ಪೊಲೀಸರ ಲಾಠಿ ಒಂದು ಕಡೆ, ಕರಡಿ ಇನ್ನೊಂದು ಕಡೆ. ದರೋಜಿಯಲ್ಲಿ ಸಿಬ್ಬಂದಿ ಬಂಡೆಗೆ ಬೆಲ್ಲದ ಪಾಕ ಸವರಿ, ಕರಡಿ ಬಂದು ನೆಕ್ಕುವುದನ್ನು ವಾಚ್‌ಟವರ್ ಮೇಲಿಂದ ತೋರಿಸುವುದು ಬೇರೆ. ಮಾವು, ಸೀತಾಫಲದ ತೋಟದಲ್ಲಿ ನಸುಕಿನಲ್ಲಿ ಎದುರಾಗುವ ಕರಡಿ ಬೇರೆ.

ವೆನಿಸ್ ಕಾಲುವೆಗೆ ಡಾಲ್ಫಿನ್ ಬಂತು ಅನ್ನುವ ವಿಡಿಯೋ ಇನ್ನೂ ಸುತ್ತುತ್ತಿದೆ. ಅದು ಬೇರೆ ಕಡೆ, ಸಾರ್ಡಿನಿಯಾ ದ್ವೀಪದಲ್ಲಿ ತೆಗೆದದ್ದು. ಫಾರ್ವರ್ಡ್ ಮಾಡಬೇಡಿ.


ಎರೆಹೊಲ, 12 ಏಪ್ರಿಲ್ 2020

ವಿಳಾಸ ಬದಲಾಗಿದೆ ಅನ್ನುವ ಮಾತು ಒಪ್ಪುತ್ತೇನೆ. ನೀರುನಾಯಿ, ಗೂಬೆ ಬಿಡಿ. ನಮ್ಮ ಸಿರುಗುಪ್ಪ ಕಡೆಯ ಎರೆಭೂತ ಹಕ್ಕಿಯ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಬಗ್ಗೆ ಯಾರಾದರೂ ಕೇಳಿ. ರಾಜ್ಯದಲ್ಲಿ ಅದು ಉಳಿದಿರುವುದೇ ಬೆರಳೆಣಿಕೆಯಷ್ಟು, ಅದೂ ನಮ್ಮ ಎರೆ ಬಯಲಿನಲ್ಲಿ. ಅದಕ್ಕೆ ಲಾಕ್‌ಡೌನ್‌ನಿಂದ ಏನೂ ಆಗಬೇಕಿಲ್ಲ. ಬಯಲು ಉಳಿಯಬೇಕು, ವಿದ್ಯುತ್ ತಂತಿ ಅಡ್ಡ ಬರಬಾರದು. ಗದ್ದಲ ನಿಂತ ಮಾತ್ರಕ್ಕೆ ಹೊಲ ಹುಲ್ಲುಗಾವಲು ಆಗುವುದಿಲ್ಲವಲ್ಲ.


ಗಾಂಧಿನಗರದ ಸೊಸೆ (ಬಳ್ಳಾರಿ), 15 ಏಪ್ರಿಲ್ 2020

ನನ್ನದೊಂದು ಅರ್ಜೆಂಟ್ ಪ್ರಶ್ನೆ. ಪ್ಯಾರಪೆಟ್ ಕೆಳಗಿನ ತೂತಿನಲ್ಲಿ ಪುಟ್ಟ ಗೂಬೆ ಜೋಡಿ ಸೇರಿಕೊಂಡಿದೆ. ಮೈಯೆಲ್ಲ ಬಿಳಿ ಚುಕ್ಕೆ. ಹಗಲು ಹೊತ್ತಿನಲ್ಲೇ ತಲೆ ಮೇಲೆ ಕೆಳಗೆ ಆಡಿಸಿ ನಮ್ಮನ್ನೇ ದುರುಗುಟ್ಟುತ್ತದೆ. ರಾತ್ರಿ ಎರಡೂ ಸೇರಿ ಕಿರಿಚುವುದು ಕೇಳಿದರೆ ಜಗಳದ ಮನೆ ಅನ್ನಬೇಕು. ಇದು ರೋಗದ ಕಾಲ, ಗೂಬೆ ಮನೆ ಸೇರಿದರೆ ಕೇಡು ಅಂತ ಅತ್ತೆಯವರ ಹಠ. ತೂತು ಮುಚ್ಚಿಸಲು ಸಿಮೆಂಟ್ ಕೂಡ ಕಲಸಿ ಇಟ್ಟಿದ್ದರು. ಗಾರೆಯವರು ಯಾರೂ ಸಿಗಲಿಲ್ಲ, ಬಚಾವ್. ಅವರಿಗೆ ಏನು ಹೇಳಲಿ?


ಅರಳೆಗಿರಣಿ, 15 ಏಪ್ರಿಲ್ 2020

ಅದು ಹಾಲಕ್ಕಿ ಅಕ್ಕಾ! ಬುಡಬುಡಿಕೆಯವರು ‘ಹಾಲಕ್ಕಿ ನುಡಿದೈತೆ, ಶುಭ ನುಡಿದೈತೆ’ ಅಂತ ಬಾಗಿಲಿಗೆ ಬಂದು ಹೇಳುವುದು ಇದರ ಹೆಸರಲ್ಲೇ. ಅತ್ತೆಯವರಿಗೆ ಗೂಬೆ ಅನ್ನಬೇಡಿ, ಹಾಲಕ್ಕಿ ಬಂದಿದೆ ಅನ್ನಿ. ಸಿಮೆಂಟ್ ತಾನಾಗಿಯೇ ಒಣಗಿಹೋಗುತ್ತದೆ.


ಭಾಗ್ಯನಗರ ಟೀಚರ್, 15 ಏಪ್ರಿಲ್ 2020

ಅದು ಜೀರುಂಡೆ, ಮಿಡತೆ, ಹಲ್ಲಿ, ಸಣ್ಣ ಇಲಿ ತಿಂದು ಬದುಕುತ್ತದೆ. ಬೀದಿದೀಪದ ಕೆಳಗೆ ಸಂಜೆ ಕಾದರೆ ಹುಳ ಹಿಡಿಯುವುದನ್ನೇ ನೋಡಬಹುದು. ತಲೆ ಆಡಿಸುವುದು ಹೆದರಿಸಲಿಕ್ಕಲ್ಲ. ಗೂಬೆಗೆ ಕಣ್ಣುಗುಡ್ಡೆ ನಮ್ಮ ಹಾಗೆ ತಿರುಗುವುದಿಲ್ಲ, ತಲೆಯನ್ನೇ ಆಡಿಸಿ ದೂರ ಅಳೆಯುತ್ತದೆ. ಇನ್ನೊಂದು, ಗೂಬೆ ಹಿಡಿಯುವುದು, ಮಾರುವುದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. ಮಾಟ ಮಂತ್ರಕ್ಕೆ ಅಂತ ಕೇಳಿಕೊಂಡು ಯಾರಾದರೂ ಬಂದರೆ ಅರಣ್ಯ ಇಲಾಖೆಗೆ ತಿಳಿಸಿ. ಪಂಜರದ ಗಿಳಿಗೂ ಇದೇ ಕಾಯ್ದೆ, ಅದು ಮಾತ್ರ ಯಾರಿಗೂ ನೆನಪಾಗುವುದಿಲ್ಲ!


ಗಾಂಧಿನಗರದ ಸೊಸೆ, 17 ಏಪ್ರಿಲ್ 2020

ಅತ್ತೆ ಈಗ ಕೆಳಗೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದಾರೆ. ‘ನಮ್ಮ ಹಾಲಕ್ಕಿ ಎದ್ದಿತಾ?’ ಅಂತ ನನ್ನನ್ನೇ ಕೇಳುತ್ತಾರೆ.


ಹೊಸದುರ್ಬೀನು (ಗಂಗಾವತಿ), 19 ಏಪ್ರಿಲ್ 2020

ನೀರು ಇಡುವ ಬಗ್ಗೆ ಹೇಳುತ್ತೀರಾ? ಬಿಸಿಲು ವಿಪರೀತ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಟೆರೇಸ್ ಮೇಲೆ ಇಟ್ಟಿದ್ದೇನೆ. ಒಂದು ಹಕ್ಕಿಯೂ ಹತ್ತಿರ ಬರುವುದಿಲ್ಲ.


ಬಂಡೆಗುಡ್ಡ, 19 ಏಪ್ರಿಲ್ 2020

ಟೆರೇಸ್ ಮೇಲೆ ಮಧ್ಯಾಹ್ನ ಆ ನೀರಿಗೆ ಬೆರಳು ಅದ್ದಿ ನೋಡಿ ತಮ್ಮಾ, ಚಹಾ ಸೊಪ್ಪು ಹಾಕಿದರೆ ಚಹಾ ಆಗುತ್ತದೆ. ನೆರಳಿಗೆ ತನ್ನಿ. ಡಬ್ಬಿ ಬೇಡ, ಮಣ್ಣಿನ ಅಗಲ ತಟ್ಟೆ ಬೇಕು. ಹಳೇ ಹರವಿಯ ಮುಚ್ಚಳ ಇದ್ದರೆ ಅದೇ ಬೆಸ್ಟ್. ನೀರು ಎರಡು ಬೆರಳಿಗಿಂತ ಆಳ ಇರಬಾರದು, ಮಧ್ಯೆ ಒಂದು ಕಲ್ಲು ಇಡಿ. ಸಣ್ಣ ಹಕ್ಕಿ ಕಲ್ಲಿನ ಮೇಲೆ ನಿಂತು ಕುಡಿಯುತ್ತದೆ, ಬಿದ್ದ ಜೇನುಹುಳ ಹತ್ತಿ ಬದುಕುತ್ತದೆ. ಹತ್ತಿರದಲ್ಲಿ ಒಂದು ಕೊಂಬೆ ಇರಲಿ, ಹಕ್ಕಿ ಮೊದಲು ಅಲ್ಲಿ ಕೂತು ನಾಲ್ಕೂ ಕಡೆ ನೋಡಿ ಆಮೇಲೆ ಇಳಿಯುತ್ತದೆ. ಆದರೆ ಬೆಕ್ಕು ಅಡಗುವಷ್ಟು ದಟ್ಟ ಪೊದೆ ಪಕ್ಕದಲ್ಲಿ ಬೇಡ.

ದಿನವೂ ನೀರು ಚೆಲ್ಲಿ, ತೆಂಗಿನ ನಾರಿನಿಂದ ತಿಕ್ಕಿ, ಹೊಸ ನೀರು ಹಾಕಿ. ಪಾಚಿ ಕಟ್ಟಿದ ತಟ್ಟೆಯಿಂದ ಹಕ್ಕಿಗೆ ರೋಗ, ನಿಂತ ನೀರಿನಿಂದ ನಮಗೆ ಡೆಂಗ್ಯೂ.


ಅರಳೆಗಿರಣಿ, 19 ಏಪ್ರಿಲ್ 2020

ಹೇಳುವುದು ಸುಲಭ. ನಮ್ಮ ಓಣಿಗೆ ನಲ್ಲಿ ನೀರು ದಿನ ಬಿಟ್ಟು ದಿನವೂ ಬರುವುದಿಲ್ಲ. ಕೃಷ್ಣೆ ಆ ಕಡೆ, ತುಂಗಭದ್ರೆ ಈ ಕಡೆ, ನಡುವೆ ನಾವು ಕೊಡ ಹಿಡಿದು ನಿಂತಿರುತ್ತೇವೆ. ಹಕ್ಕಿಗೆ ದಿನವೂ ನೀರು ಚೆಲ್ಲಿ ಅಂದರೆ ಮನೆಯಲ್ಲಿ ಬೈಯುತ್ತಾರೆ. ನಾನು ಮಾಡುವುದು ಹೀಗೆ. ತಟ್ಟೆಯ ಹಳೇ ನೀರು ಬದನೆ ಕುಂಡಕ್ಕೆ. ತಟ್ಟೆಗೆ ಹೊಸದಾಗಿ ಒಂದೇ ಚೊಂಬು. ಯಾವುದೂ ದಂಡ ಆಗುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಬೆಳವ, ಅಳಿಲು, ಓತಿಕ್ಯಾತ ಮೂವರೂ ಪಾಳಿ ಹಚ್ಚುತ್ತಾರೆ. ಓತಿಕ್ಯಾತ ಬಂದರೆ ಬೆಳವ ಸರಿದು ನಿಲ್ಲುತ್ತದೆ, ಪಾಪದ ಪ್ರಾಣಿ.


ಹೊಸದುರ್ಬೀನು, 20 ಏಪ್ರಿಲ್ 2020

ತಟ್ಟೆ ಇಳಿಸಿದ ಮೇಲೆ ಪಿಕಳಾರ ಬಂತು! ಕಾಳು ಏನು ಹಾಕಲಿ? ಬ್ರೆಡ್ ನಡೆಯುತ್ತದಾ?


ಎರೆಹೊಲ, 20 ಏಪ್ರಿಲ್ 2020

ಬ್ರೆಡ್ ಬೇಡ. ಸಜ್ಜೆ, ನವಣೆ, ಅಕ್ಕಿ ನುಚ್ಚು, ಯಾವುದಾದರೂ ಒಂದು ಹಿಡಿ ಸಾಕು. ಗುಬ್ಬಿ, ಬೆಳವ, ರಾಟವಾಳ ತಿನ್ನುತ್ತವೆ. ಪಿಕಳಾರ ಕಾಳಿಗೆ ಬರುವುದಿಲ್ಲ, ಅದಕ್ಕೆ ಹಣ್ಣು ಬೇಕು. ಉಪ್ಪು ಖಾರ ಹಾಕಿದ ಅನ್ನ ಹಾಕಬೇಡಿ. ರಾಶಿ ಸುರಿದರೆ ಪಾರಿವಾಳದ ಸಂತೆ ಆಗಿ ಸಣ್ಣವು ಓಡಿಹೋಗುತ್ತವೆ. ಗಂಗಾವತಿಯಲ್ಲಿ ಭತ್ತಕ್ಕೆ ಬರವಾ? ಬೇಸಿಗೆ ಬೆಳೆ ಕೊಯ್ಲಿಗೆ ಬಂತು, ಗದ್ದೆ ಕಡೆ ಹೋಗಿ ಅವೇ ತಿಂದುಕೊಳ್ಳುತ್ತವೆ. ನೀರು ಇಡಿ, ಅಷ್ಟೇ ದೊಡ್ಡ ಉಪಕಾರ.


ಲಾರಿಲೆಕ್ಕ, 27 ಏಪ್ರಿಲ್ 2020

ಗೂಡಿನ ಸುದ್ದಿ. ಸೂರಕ್ಕಿ ಮರಿ ಆಗಿವೆ. ಬಾಗಿಲಲ್ಲಿ ಎರಡು ಕಿತ್ತಳೆ ಬಾಯಿ ಕಾಣುತ್ತವೆ. ಗಂಡು ಕೂಡ ಹುಳ ತಂದು ಕೊಡುತ್ತಿದೆ. ಸೂರಕ್ಕಿ ಅಂದರೆ ಬರೀ ಮಕರಂದ ಅಂದುಕೊಂಡಿದ್ದೆ, ಮರಿಗೆ ಜೇಡವನ್ನೇ ಜಾಸ್ತಿ ತರುತ್ತದೆ. ಮರಿಯ ಹಿಕ್ಕೆಯನ್ನು ಬಿಳಿ ಗುಳಿಗೆಯ ಹಾಗೆ ಕೊಕ್ಕಿನಲ್ಲಿ ಹಿಡಿದು ಹೊರಗೆ ಒಯ್ದು ಬಿಸಾಡುತ್ತದೆ. ತಂತಿಯ ಕೆಳಗೆ ಒಂದು ಹನಿ ಗಲೀಜಿಲ್ಲ.

ಇನ್ನೊಂದು, ಹಿತ್ತಲಲ್ಲಿ ಕೆರೆಹಾವು ಓಡಾಡುತ್ತಿದೆ. ಪಕ್ಕದ ಮನೆಯವರು ಹೊಡೆಯಲು ಬಡಿಗೆ ಹಿಡಿದು ಬಂದಿದ್ದರು. ಕಷ್ಟಪಟ್ಟು ತಡೆದೆ.


ಬಂಡೆಗುಡ್ಡ, 27 ಏಪ್ರಿಲ್ 2020

ಒಳ್ಳೆಯದು ಮಾಡಿದಿರಿ. ಕೆರೆಹಾವಿಗೆ ವಿಷ ಇಲ್ಲ, ಇಲಿ ತಿನ್ನುತ್ತದೆ. ಆದರೆ ಬಳ್ಳಾರಿಯ ಕಲ್ಲುಗುಡ್ಡದ ಸುತ್ತ ಮಂಡಲದ ಹಾವುಗಳೂ ಇವೆ. ಗುರುತು ಸಿಗದ ಹಾವಿನ ಹತ್ತಿರ ಯಾವುದೇ ಕಾರಣಕ್ಕೂ ಹೋಗಬೇಡಿ. ಕಚ್ಚಿದರೆ ನಾಟಿ ಮದ್ದು, ಕೊಯ್ಯುವುದು, ಕಟ್ಟುವುದು ಯಾವುದೂ ಬೇಡ. ಲಾಕ್‌ಡೌನ್ ಇದ್ದರೂ ಆಸ್ಪತ್ರೆಗೆ ದಾರಿ ಬಿಡುತ್ತಾರೆ, ಸೀದಾ ಹೋಗಿ.


ಗಾಂಧಿನಗರದ ಸೊಸೆ, 4 ಮೇ 2020

ಬೇವಿನ ಕೆಳಗೆ ಪಿಕಳಾರದ ಮರಿ ಬಿದ್ದಿದೆ. ಪುಕ್ಕ ಬಂದಿದೆ, ಬಾಲ ಮೊಟಕು, ಹಾರಲು ಆಗುತ್ತಿಲ್ಲ. ಡಬ್ಬಿಯಲ್ಲಿ ಹಾಕಿ ಹಾಲು ಕುಡಿಸೋಣ ಅಂತ ಮಗ ಹಟ ಹಿಡಿದಿದ್ದಾನೆ.


ಭಾಗ್ಯನಗರ ಟೀಚರ್, 4 ಮೇ 2020

ಹಾಲು ಬೇಡವೇ ಬೇಡ, ಹಕ್ಕಿ ಹಾಲು ಕುಡಿಯುವ ಪ್ರಾಣಿ ಅಲ್ಲ. ಪುಕ್ಕ ಬಂದಿದ್ದರೆ ಅದು ಬಿದ್ದದ್ದಲ್ಲ, ಗೂಡು ಬಿಟ್ಟು ಇಳಿದದ್ದು. ಹಾರಲು ಕಲಿಯುವ ಮೊದಲು ಕೆಲವು ದಿನ ನೆಲದಲ್ಲೇ ಕುಪ್ಪಳಿಸುತ್ತಿರುತ್ತದೆ. ಅಪ್ಪ ಅಮ್ಮ ಮೇಲೆಯೇ ಇರುತ್ತವೆ. ನೀವು ನಿಂತಿರುವುದರಿಂದ ಇಳಿಯುತ್ತಿಲ್ಲ. ಎತ್ತಿ ತಗ್ಗಿನ ಕೊಂಬೆಯ ಮೇಲೆ ಇಟ್ಟು ಒಳಗೆ ಹೋಗಿಬಿಡಿ. ಕೈ ತಾಗಿದರೆ ತಾಯಿ ಬಿಟ್ಟುಬಿಡುತ್ತದೆ ಅನ್ನುವುದು ಸುಳ್ಳು. ಮನೆ ಬೆಕ್ಕನ್ನು ಮಾತ್ರ ಒಂದೆರಡು ದಿನ ಒಳಗೆ ಕೂಡಿಹಾಕಿ. ಮಗನಿಗೆ ಕಿಟಕಿಯಿಂದ ನೋಡುವ ಡ್ಯೂಟಿ ಕೊಡಿ.

ಮೈಯೆಲ್ಲ ಬೋಳಾದ ಮರಿ ಬಿದ್ದರೆ ಮಾತು ಬೇರೆ. ಗೂಡು ಎಟುಕಿದರೆ ಅದರಲ್ಲೇ ವಾಪಸ್ ಇಡಬೇಕು.


ಎರೆಹೊಲ, 29 ಮೇ 2020

ಮಿಡತೆ ದಂಡು ಮಹಾರಾಷ್ಟ್ರದವರೆಗೆ ಬಂದಿದೆ. ಡಬ್ಬ, ತಟ್ಟೆ ತಯಾರು ಮಾಡಿಕೊಂಡು ಕೂತಿದ್ದೇವೆ. ಈಗ ಆ ಗುಲಾಬಿ ಕಬ್ಬಕ್ಕಿ ಇರಬೇಕಿತ್ತು ಅನ್ನಿಸುತ್ತಿದೆ. ಅವುಗಳಿಗೆ ಮಿಡತೆ ಅಂದರೆ ಪ್ರಾಣ. ಜೋಳ ತಿನ್ನುವಾಗ ಬರುತ್ತವೆ, ಕೆಲಸ ಇದ್ದಾಗ ಊರಲ್ಲಿರುವುದಿಲ್ಲ. ನಮ್ಮ ಮನೆ ಅಳಿಯನ ಹಾಗೆ.


ಭಾಗ್ಯನಗರ ಟೀಚರ್, 14 ಜೂನ್ 2020

ಬಸ್ಸು, ಲಾರಿ ಎಲ್ಲ ಶುರುವಾಗಿ ಕೆಲವು ವಾರ ಆಯಿತು. ಮಕ್ಕಳ ನೋಟ್‌ಬುಕ್ ತರಿಸಿಕೊಂಡು ನೋಡಿದೆ. ಕಣ್ಣಿಗೆ ಕಂಡ ಹಕ್ಕಿಗಳ ಪಟ್ಟಿಯಲ್ಲಿ ಹೇಳುವಂಥ ವ್ಯತ್ಯಾಸ ಇಲ್ಲ. ಲಾಕ್‌ಡೌನ್‌ನಲ್ಲಿ ಬಂದವೇ ಈಗಲೂ ಬರುತ್ತಿವೆ. ಆದರೆ ಬರೀ ಧ್ವನಿ ಕೇಳಿದ್ದು ಅನ್ನುವ ಕಾಲಂ, ಮುಖ್ಯರಸ್ತೆ ಪಕ್ಕದ ಮನೆಯ ಮಕ್ಕಳದ್ದು, ಹೆಚ್ಚುಕಡಿಮೆ ಖಾಲಿ ಬಿದ್ದಿದೆ. ಒಳಗಿನ ಓಣಿಯ ಮಕ್ಕಳದ್ದು ಮೊದಲಿನ ಹಾಗೇ ಇದೆ. ಇದು ಮಕ್ಕಳ ಲೆಕ್ಕ, ಸಂಶೋಧನೆ ಅಲ್ಲ, ಮಳೆಗಾಲದ ಹೊತ್ತಿಗೆ ಕೂಗೂ ಕಡಿಮೆಯಾಗುತ್ತದೆ. ಆದರೂ ರಸ್ತೆ ಪಕ್ಕ ಒಂದು ತರಹ, ಓಣಿಯಲ್ಲಿ ಒಂದು ತರಹ ಯಾಕೆ ಅನ್ನುವುದಕ್ಕೆ ಮಳೆ ಉತ್ತರ ಆಗುವುದಿಲ್ಲ. ಎರೆಹೊಲದ ಅಣ್ಣನವರು ಹೇಳಿದಂತೆ ಹಕ್ಕಿ ಹೋಗಿರಲಿಲ್ಲ. ಲಾರಿಲೆಕ್ಕದವರು ಹೇಳಿದಂತೆ ಗದ್ದಲ ಒಂದು ಕಾಲಂ ನುಂಗುತ್ತದೆ.


ಲಾರಿಲೆಕ್ಕ, 14 ಜೂನ್ 2020

ಅರ್ಧ ಮಾರ್ಕ್ಸ್ ಸಿಕ್ಕಿತು, ಸಾಕು ಮೇಡಂ. ನಮ್ಮಲ್ಲೂ ಕಂಚುಗಾರ ಹಕ್ಕಿ ಬೇವಿನಲ್ಲೇ ಕೂತಿರುತ್ತದೆ, ಗಂಟಲು ಉಬ್ಬಿಸುವುದು ಕಾಣುತ್ತದೆ, ಕೂಗು ಮಾತ್ರ ಕೇಳುವುದಿಲ್ಲ. ಕೆಳಗೆ ನಾನೇ ಲೆಕ್ಕ ಬರೆದ ಲಾರಿಗಳು ಹೋಗುತ್ತಿರುತ್ತವೆ!


ಅರಳೆಗಿರಣಿ, 2 ಅಕ್ಟೋಬರ್ 2020

ಟೀಚರ್ ಮೇಡಂ, ನಿಮ್ಮ ಮಕ್ಕಳ ಕಾಲಂಗೆ ಒಂದು ಜೊತೆ ಸಿಕ್ಕಿದೆ. ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಬಿಳಿ ಕಿರೀಟದ ಗುಬ್ಬಿಗಳ ಹಾಡನ್ನು ಲಾಕ್‌ಡೌನ್ ಹೊತ್ತಿನಲ್ಲಿ ರೆಕಾರ್ಡ್ ಮಾಡಿ, ಹಿಂದಿನ ವರ್ಷಗಳ ರೆಕಾರ್ಡಿಂಗ್ ಜೊತೆ ಹೋಲಿಸಿದ್ದಾರೆ. ಸೈನ್ಸ್ ಪತ್ರಿಕೆಯಲ್ಲಿ ಈಗ ಬಂದಿದೆ. ಟ್ರಾಫಿಕ್ ಇಳಿದಾಗ ಹಕ್ಕಿಗಳು ಮೊದಲಿಗಿಂತ ಮೆಲ್ಲಗೆ ಹಾಡಿವೆಯಂತೆ. ಆದರೂ ಹಾಡು ಮೊದಲಿಗಿಂತ ದೂರಕ್ಕೆ ಮುಟ್ಟಿದೆ, ಹಾಡಿನ ಗುಣವೂ ಸುಧಾರಿಸಿದೆ. ಅಂದರೆ ಇಷ್ಟು ದಿನ ಅವು ನಮ್ಮ ಗದ್ದಲದ ಮೇಲೆ ಕಿರುಚುತ್ತಿದ್ದವು. ಮಾರ್ಕೆಟ್‌ನಲ್ಲಿ ನಿಂತು ಫೋನ್‌ನಲ್ಲಿ ಮಾತಾಡುವವರ ಹಾಗೆ.


ಬಂಡೆಗುಡ್ಡ, 3 ಅಕ್ಟೋಬರ್ 2020

ಓದಿದೆ. ನಮ್ಮ ಹಕ್ಕಿಗಳದ್ದೂ ಯಾರಾದರೂ ರೆಕಾರ್ಡ್ ಮಾಡಿಟ್ಟಿದ್ದರೆ ಚೆನ್ನಾಗಿತ್ತು. ಹಿಂದಿನ ವರ್ಷಗಳದ್ದು ಇದ್ದರೆ ಮಾತ್ರ ಹೋಲಿಸಲು ಬರುತ್ತದೆ. ಅದಕ್ಕೇ ಹೇಳುವುದು, ಪಟ್ಟಿ ನಿಲ್ಲಿಸಬೇಡಿ. ಅಂದ ಹಾಗೆ ಹಂಪಿ ಜುಲೈ 6ಕ್ಕೇ ತೆರೆದಿದೆ, ಗಿರಾಕಿ ಇನ್ನೂ ಕಡಿಮೆ. ಕೊಂಬಿನ ಗೂಬೆ ಮತ್ತೆ ಕತ್ತಲಾದ ಮೇಲೆಯೇ ಬರುತ್ತಿದೆ.


ಲಾರಿಲೆಕ್ಕ, 16 ಮೇ 2021

ಮತ್ತೆ ಲಾಕ್‌ಡೌನ್, ಮತ್ತೆ ಮನೆ. ಈ ಸಲ ಹಿತ್ತಲಲ್ಲಿ ಕೂರುವ ಮನಸ್ಸೂ ಇಲ್ಲ, ನಮ್ಮ ಬೀದಿಯಲ್ಲೇ ಎಷ್ಟೋ ಮನೆಗಳಲ್ಲಿ ಸಾವು. ಆದರೂ ಒಂದು ಸಲಹೆ ಬೇಕು. ಹಿಂದಿನ ಸೈಟಿನವರು ಜೆಸಿಬಿ ತರಿಸಿ ಬಳ್ಳಾರಿ ಜಾಲಿಯನ್ನೆಲ್ಲ ಕಿತ್ತರು. ಹರಟೆಮಲ್ಲಗಳ ಗುಂಪು ಮೂರು ಹೊತ್ತೂ ಅದರಲ್ಲೇ ಇರುತ್ತಿತ್ತು. ಈಗ ನಮ್ಮ ಕರಿಬೇವಿನ ಕೆಳಗೆ ಬಂದು ಒದರುತ್ತಿವೆ. ಕಾಂಪೌಂಡ್ ಪಕ್ಕ ಏನು ನೆಡಲಿ?


ಎರೆಹೊಲ, 16 ಮೇ 2021

ಮೊದಲು ಎಲ್ಲರೂ ಹುಷಾರಾಗಿರಿ. ಜಾಲಿ ಹೋದದ್ದಕ್ಕೆ ನಾನಂತೂ ಅಳುವುದಿಲ್ಲ, ಹೊರಗಿನಿಂದ ಬಂದು ನಮ್ಮ ಹೊಲ ಕೆರೆ ಎಲ್ಲ ನುಂಗಿದ ಮುಳ್ಳು ಅದು. ಆದರೆ ಕಿತ್ತ ಜಾಗಕ್ಕೆ ಕಾಂಕ್ರೀಟ್ ಬರುವುದಾದರೆ ಹಕ್ಕಿ ಪಾಲಿಗೆ ಜಾಲಿಯೇ ವಾಸಿ ಇತ್ತು. ಬಾರೆ ಗಿಡ ಹಾಕಿ. ನೀರು ಕೇಳುವುದಿಲ್ಲ, ಮುಳ್ಳು ಇರುವುದರಿಂದ ಬೆಕ್ಕು ಹತ್ತುವುದಿಲ್ಲ, ಹಣ್ಣು ನಿಮಗೂ ಆಯಿತು, ಪಿಕಳಾರಕ್ಕೂ ಆಯಿತು.


ಭಾಗ್ಯನಗರ ಟೀಚರ್, 16 ಮೇ 2021

ಹರಟೆಮಲ್ಲಗಳನ್ನು ಬಿಡಬೇಡಿ ಸರ್. ಜೂನ್‌ನಲ್ಲಿ ಅವುಗಳ ಹಿಂದೆ ಚಾತಕ ಬರುತ್ತದೆ. ಕಪ್ಪು ಬಿಳುಪು, ತಲೆ ಮೇಲೆ ಚೊಟ್ಟಿ. ದಕ್ಷಿಣದಲ್ಲಿ ವರ್ಷವಿಡೀ ಇರುವವೂ ಇವೆ, ಆಫ್ರಿಕಾದಿಂದ ಮಳೆ ಜೊತೆ ಬರುವವೂ ಇವೆ. ಕೋಗಿಲೆ ಕಾಗೆಗೆ ಮಾಡುವ ಮೋಸವನ್ನೇ ಇದು ಹರಟೆಮಲ್ಲಕ್ಕೆ ಮಾಡುತ್ತದೆ. ಮೊಟ್ಟೆಯ ನೀಲಿ ಬಣ್ಣ ಕೂಡ ಒಂದೇ. ಅಡಿಗಡಿಗೆ ಜಗಳ ಆಡುವ ಅಷ್ಟು ದೊಡ್ಡ ಕುಟುಂಬಕ್ಕೆ ಮಗು ತಮ್ಮದಲ್ಲ ಅಂತ ತಿಳಿಯುವುದೇ ಇಲ್ಲ. ಎಲ್ಲ ಸೇರಿ ಸರದಿ ಮೇಲೆ ಉಣಿಸುತ್ತವೆ.


ಅರಳೆಗಿರಣಿ, 17 ಮೇ 2021

ಬಾರೆ ಜೊತೆಗೆ ಗಸಗಸೆ ಹಣ್ಣಿನ ಗಿಡವೂ ಒಂದಿರಲಿ. ಅದೂ ಹೊರಗಿನದೇ, ಅಣ್ಣ ಬೈಯಬಹುದು. ಆದರೆ ಎರಡೇ ವರ್ಷದಲ್ಲಿ ನೆರಳಾಗುತ್ತದೆ, ವರ್ಷಪೂರ್ತಿ ಹಣ್ಣು. ನಮ್ಮದರ ಕೆಳಗೆ ಸಸಿಗಳು ಬೇಕಾದಷ್ಟು ಎದ್ದಿವೆ. ಬಸ್ಸು ಶುರುವಾದ ಮೇಲೆ ರಾಯಚೂರು ಕಡೆ ಯಾರಾದರೂ ಬಂದರೆ ತಿಳಿಸಿ, ಹಾಲಿನ ಪ್ಯಾಕೆಟ್‌ಗೆ ಮಣ್ಣು ತುಂಬಿ ಕಟ್ಟಿ ಕೊಡುತ್ತೇನೆ.


ಎರೆಹೊಲ, 17 ಮೇ 2021

ಬೈಯುವುದಿಲ್ಲ ತಾಯಿ. ನನಗೂ ಎರಡು ಇಡಿ.